ಬೆನ್ನಿಗೆ ಗಾಳಿ ಕೊಟ್ಟ ಅಟ್ಟಣೆ

ಆ ವರ್ಷ ಮಾರ್ಚ್ ತಿಂಗಳಿಂದಲೂ ನೆರೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಅರ್ಜಿ ಅಂಟಿಕೊಂಡಿತ್ತು. ಬಂದೂಕಿನ ಲೈಸೆನ್ಸು ನವೀಕರಿಸಲು ಪೊಲೀಸರಿಗೆ ಕೊಡಬೇಕಾದ ಅರ್ಜಿ. ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಏಪ್ರಿಲ್ ಮುಗಿಯುವುದರೊಳಗೆ ತುಂಬಿ ಕೊಡದಿದ್ದರೆ ರೈಫಲ್ಲನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ನಾನು ಹೋದಾಗಲೆಲ್ಲ ಅದು ಖಾಲಿಯಾಗಿಯೇ ಇರುತ್ತಿತ್ತು. ಒಂದು ದಿನ ಸುಮ್ಮನಿರಲಾರದೆ ಕೇಳಿಬಿಟ್ಟೆ.

"ಈ ಏಪ್ರಿಲ್‌ನಲ್ಲಿ ನಾನೇ ಒಂದು ಜಿಂಕೆ ಹೊಡೆದರೆ ತುಂಬುತ್ತೇನೆ. ಇಲ್ಲದಿದ್ದರೆ ಇಲ್ಲ" ಎಂದರು ನೆರೆಯವರು, ಚಹಾ ಸೋಸುತ್ತ. ಹಾಲು ತರುವುದಿದ್ದರೆ ತರುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುವ ಧಾಟಿ. ಆದರೆ ಅವರ ಬೆನ್ನು ನನ್ನ ಕಡೆಗಿತ್ತು, ಮಾತು ಮುಗಿದ ಮೇಲೂ ತಿರುಗಲಿಲ್ಲ.

ಅವರಿಗೆ ಎಪ್ಪತ್ತು ದಾಟಿತ್ತು. ಜೀವಮಾನವೆಲ್ಲ ಕುರಿಯ ಉಣ್ಣೆ ಕತ್ತರಿಸಿದವರು. ತೋಳು ಇನ್ನೂ ಹಗ್ಗದಂತೆ ಗಟ್ಟಿ, ಬಲಗಡೆಯ ಸೊಂಟದ ಕೀಲು ಮಾತ್ರ ಪೂರ್ತಿ ಸವೆದುಹೋಗಿತ್ತು. ಜೂನ್‌ನಲ್ಲಿ ಆಪರೇಷನ್ ಎಂದು ನಿಗದಿಯಾಗಿತ್ತು. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಗುಡ್ಡ ಹತ್ತಬಾರದು. ಇಲ್ಲಿಯವರ ಬೇಟೆಯೆಂದರೆ ಗುಡ್ಡ ಹತ್ತುವುದೇ. ಒಂದೇ ಕಡೆ ಕೂತು ಕಾಯುವುದು ಇವರಿಗೆ ಬೇಟೆಯಲ್ಲ, ಸೋಮಾರಿತನ. ಹೆಜ್ಜೆಹೆಜ್ಜೆಯಾಗಿ, ಮುಖಕ್ಕೆ ಗಾಳಿ ತೆಗೆದುಕೊಂಡು, ದಿನಗಟ್ಟಲೆ ನಡೆದು ಹುಡುಕಬೇಕು. ಗೆಳೆಯರು ಮಾಂಸ ತಂದುಕೊಡುತ್ತೇವೆ ಎಂದದ್ದಕ್ಕೆ ಇವರು ಒಪ್ಪಿರಲಿಲ್ಲ. ಕೊಟ್ಟ ಮಾಂಸ ಅಂಗಡಿಯ ಮಾಂಸದ ಹಾಗೆಯೇ ಎಂದಿದ್ದರಂತೆ.

ನಾವು ಪಾಮರ್ಸ್ಟನ್ ನಾರ್ತ್ ಎಂಬ ಪಟ್ಟಣದ ಹೊರಗೆ, ಊರು ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ ಮನೆ ಮಾಡಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಈ ದೇಶಕ್ಕೆ ಓದಲು ಬಂದವನು ನಾನು, ಮಣ್ಣು ಮತ್ತು ಹವೆಯ ವಿಷಯ. ಓದು ಮುಗಿದ ಮೇಲೆ ಅದೇ ವಿಷಯದಲ್ಲಿ ಕೆಲಸ ಸಿಕ್ಕಿ ಉಳಿದುಕೊಂಡೆ. ಫಾರಂಗಳಲ್ಲಿ ಗಾಳಿ, ಮಳೆ, ತೇವ ಅಳೆಯುವ ಯಂತ್ರ ನೆಡುವುದು, ಅದು ಹೇಳಿದ್ದನ್ನು ನಕ್ಷೆ ಮಾಡುವುದು ನನ್ನ ಕೆಲಸ. ಅದಕ್ಕೋ ಏನೋ, ಗಾಳಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡುವುದು ಬೇಡ ಎಂಬ ಜಂಬ ಸ್ವಲ್ಪ ಇತ್ತು. ಸ್ವಲ್ಪವೇನು, ಸಾಕಷ್ಟೇ ಇತ್ತು.

"ನಡೆಯೋಕೆ ಆಗದಿದ್ದರೆ ಕೂರಿ. ಮರದ ಮೇಲೆ ಅಟ್ಟಣೆ ಹಾಕೋಣ" ಎಂದೆ.

ಅಟ್ಟಣೆ ಎಂದರೇನೆಂದು ಕೈಯಲ್ಲಿ ತೋರಿಸಿ ವಿವರಿಸಿದೆ. ನೆಲದಿಂದ ಎರಡಾಳೆತ್ತರದಲ್ಲಿ ಹಲಗೆ, ಒರಗಲು ಕಾಂಡ, ಹತ್ತಲು ಏಣಿ. ಅವರು ಮೂಗು ಮುರಿದರು. ಅದು ಅಮೆರಿಕದವರ ಚಾಳಿ ಎಂದರು. ನನಗೆ ರೇಗಿತು. ಅಮೆರಿಕದವರದ್ದಲ್ಲ, ನಮ್ಮದು, ನನ್ನ ತಾಯಿಯ ಊರು ಕಾಡಂಚಿನಲ್ಲಿದೆ, ಅಲ್ಲಿ ರಾಗಿ ಹೊಲಕ್ಕೊಂದು ಅಟ್ಟಣೆ ಇರುತ್ತದೆ, ನಮ್ಮಜ್ಜ ಅದರ ಮೇಲೇ ಅರ್ಧ ಆಯುಸ್ಸು ಕಳೆದವರು, ಬೇಸಿಗೆ ರಜಕ್ಕೂ ದಸರಾ ರಜಕ್ಕೂ ನಾನು ಅವರ ಪಕ್ಕದಲ್ಲೇ ಕೂತು ಬೆಳೆದವನು ಎಂದು ಒಂದೇ ಉಸಿರಿಗೆ ಹೇಳಿದೆ. ದಸರಾ ರಜದಲ್ಲಿ ಕೂತದ್ದು ನಿಜ. ಬೇಸಿಗೆಯಲ್ಲಿ ಹೊಲದಲ್ಲಿ ಪೈರೇ ಇರುತ್ತಿರಲಿಲ್ಲ. ಆದರೆ ಮಾತಿನ ಭರದಲ್ಲಿ ಅದೂ ಸೇರಿಹೋಯಿತು.

"ಅಲ್ಲಿ ಯಾವ ಪ್ರಾಣಿ?" ಎಂದು ಕೇಳಿದರು.

"ಹಂದಿ, ಜಿಂಕೆ, ಕಡವೆ. ಕಡವೆಯೆಂದರೆ ನಿಮ್ಮ ಕೆಂಪು ಜಿಂಕೆಯಷ್ಟೇ ದೊಡ್ಡದು."

ಅವರು ಸವೆದ ಸೊಂಟವನ್ನೊಮ್ಮೆ ಒತ್ತಿ ನೋಡಿಕೊಂಡರು. "ಏಣಿ ಹತ್ತಬಲ್ಲೆ. ಕೈ ಗಟ್ಟಿಯಿದೆ" ಎಂದರು. ನಂತರ, "ಜಾಗ ನೀನೇ ನೋಡು. ಕೂತು ಹೊಡೆಯುವುದು ನನಗೆ ಗೊತ್ತಿಲ್ಲ" ಎಂದರು.

ಅವರು ಮೂವತ್ತು ವರ್ಷ ಉಣ್ಣೆ ಕತ್ತರಿಸಿದ ಒಂದು ಫಾರಂ ಮುಕ್ಕಾಲು ಗಂಟೆಯ ದಾರಿಯಲ್ಲಿತ್ತು. ಅಲ್ಲಿ ಬೇಟೆಯಾಡಲು ಮಾಲೀಕರ ಒಪ್ಪಿಗೆ ಯಾವತ್ತೂ ಇತ್ತು. ಏಪ್ರಿಲ್ ಮೊದಲ ಶನಿವಾರ ಅವರ ಯೂಟ್ ಎಂಬ ತೆರೆದ ಹಿಂಬದಿಯ ಗಾಡಿಗೆ ಏಣಿ, ಹಲಗೆ, ಹಗ್ಗ ಹೇರಿಕೊಂಡು ಹೋದೆವು. ಫಾರಂನ ಪೂರ್ವಕ್ಕೆ ಪೈನ್ ಮರಗಳ ತೋಪು. ಹಗಲು ಜಿಂಕೆಗಳು ಅದರೊಳಗಿರುತ್ತವೆ, ಹೊತ್ತಿಳಿದ ಮೇಲೆ ಪಶ್ಚಿಮದ ಹುಲ್ಲಿಗೆ ಬರುತ್ತವೆ. ತೋಪಿನಂಚಿನ ಬೇಲಿಯ ಒಂದು ಕಡೆ ತಂತಿ ಜಗ್ಗಿತ್ತು, ಕೆಳಗಿನ ಮಣ್ಣು ನುಣುಪಾಗಿತ್ತು. ಗೊರಸಿನ ಗುರುತು ನನಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಅಲ್ಲಿಗೆ ದಾರಿ ತಿಳಿಯಿತು. ಇನ್ನು ಮರ ಆರಿಸಬೇಕಿತ್ತು.

ಅಜ್ಜ ಅಟ್ಟಣೆಗೆ ಮರ ಆರಿಸುತ್ತಿದ್ದ ಕ್ರಮ ನನಗೆ ಬಾಯಿಪಾಠವಾಗಿತ್ತು. ಒಂಟಿ ಮರವಾಗಬೇಕು. ದಿಬ್ಬದ ಮೇಲಿರಬೇಕು. ಬೆನ್ನಿಗೆ ಗಾಳಿ ಇರಬೇಕು. ಈ ಮೂರನೆಯದನ್ನು ಅಜ್ಜ ಪ್ರತಿ ವರ್ಷವೂ ಹೇಳುತ್ತಿದ್ದರು, "ಬೆನ್ಗೆ ಗಾಳಿ ಇರ್ಬೇಕು ಕನ್ಲಾ" ಎಂದು, ಬೀಡಿ ಹಚ್ಚುತ್ತ. ಬೀಡಿಯ ಹೊಗೆ ಕಣ್ಣಿಗೆ ಬಡಿಯದಿರಲಿ ಎಂದು ಹಾಗೆ ಹೇಳುತ್ತಾರೆಂದು ನಾನು ತಿಳಿದಿದ್ದೆ. ಯಾಕೆ ಎಂದು ಕೇಳಿರಲಿಲ್ಲ. ಕೇಳುವ ವಯಸ್ಸೂ ಅಲ್ಲ, ಹೇಳುವ ಮನುಷ್ಯರೂ ಅಲ್ಲ.

ಹುಲ್ಲುಗಾವಲಿನ ಪಶ್ಚಿಮದ ದಿಬ್ಬದ ಮೇಲೆ ಒಂಟಿಯಾಗಿ ಟೋಟರ ಎಂಬ ಇಲ್ಲಿಯ ಜಾತಿಯ ಒಂದು ದೊಡ್ಡ ಮರವಿತ್ತು. ಈ ಕಡೆ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮದಿಂದ. ಆ ಸೀಮೆಯ ಮೂರು ವರ್ಷದ ಗಾಳಿಯ ಲೆಕ್ಕ ನನ್ನ ಹತ್ತಿರವೇ ಇತ್ತು. ನಕ್ಷೆ ತೆಗೆದು ನೋಡಿ, ಸಂಜೆ ಐದರಿಂದ ಆರರ ಗಾಳಿ ಸರಿಯಾಗಿ ಬೆನ್ನ ನಡುವಿಗೆ ಬರುವ ಹಾಗೆ ಹಲಗೆಯನ್ನು ಎರಡು ಸಲ ಬಿಚ್ಚಿ ಕಟ್ಟಿಸಿದೆ. ಅಜ್ಜನಿಗೆ ಇಷ್ಟು ಅನುಕೂಲ ಇರಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ನೆರೆಯವರು ಏಣಿ ಹತ್ತಿ ಕೂತರು. ಕತ್ತಿನ ಹಿಂಭಾಗವನ್ನು ಸವರಿಕೊಂಡರು.

"ಗಾಳಿ ಬೆನ್ನಿಗಿದೆ" ಎಂದರು.

"ಹೌದು. ಅದಕ್ಕೇ ಈ ಮರ."

ಅವರು ನನ್ನನ್ನೇ ನೋಡಿದರು. ಆಮೇಲೆ "ರೈಟ್" ಎಂದರು. ಇಲ್ಲಿಯವರ "ರೈಟ್"ನಲ್ಲಿ ಹತ್ತು ಅರ್ಥ ಇರುತ್ತದೆ. ನಾನು ನನಗೆ ಬೇಕಾದ ಅರ್ಥವನ್ನು ತೆಗೆದುಕೊಂಡೆ.

ಮುಂದಿನ ಎರಡು ವಾರ ಅವರು ಬಿಡದೆ ಹೋದರು. ನಡುವಾರದಲ್ಲಿ ಒಬ್ಬರೇ, ವಾರದ ಕೊನೆಗೆ ನನ್ನ ಜೊತೆ. ಮೂರು ಗಂಟೆಗೆ ಹೊರಡುವುದು, ಏಣಿ ಹತ್ತುವುದು, ಕತ್ತಲಾಗುವವರೆಗೆ ಕೂರುವುದು, ಇಳಿಯುವುದು. ಗಂಡು ಜಿಂಕೆಗಳು ಕೂಗುವ ಕಾಲ. ತೋಪಿನೊಳಗಿನಿಂದ ಕೂಗು ಕೇಳುತ್ತಿತ್ತು, ಹೊರಗೆ ಒಂದೂ ಬರುತ್ತಿರಲಿಲ್ಲ. ಬೇಲಿಯ ಕೆಳಗಿನ ಮಣ್ಣಿನಲ್ಲಿ ಹೊಸ ಗುರುತು ಬೀಳುವುದೂ ನಿಂತುಹೋಯಿತು. ಕೂತು ಕೂತು ಅವರ ಸೊಂಟ ಹಿಡಿದುಕೊಂಡು, ಇಳಿಯುವಾಗ ಕೆಳಗಿನ ಎರಡು ಮೆಟ್ಟಿಲಿಗೆ ನನ್ನ ಹೆಗಲು ಬೇಕಾಗುತ್ತಿತ್ತು. ಒಂದು ಮಾತೂ ದೂರಲಿಲ್ಲ. ಹಾಗೆ ಬೈಯದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಫ್ರಿಜ್ಜಿನ ಮೇಲಿನ ಅರ್ಜಿಯ ಒಂದು ಮೂಲೆ ಸುರುಟಿಕೊಂಡಿತ್ತು.

"ನಿಮಗ್ಯಾಕ್ರೀ ಈ ಉಸಾಬರಿ? ಪಾಪ, ಆ ಅಂಕಲ್ ಮನೇಲಿ ಆರಾಮಾಗಿರ್ತಿದ್ರು" ಎಂದಳು ನನ್ನ ಹೆಂಡತಿ. ಅವಳು ಬೆಂಗಳೂರಿನವಳು. ಅಟ್ಟಣೆ ಎಂದರೆ ಅವಳಿಗೆ ಪಾತ್ರೆ ಇಡುವ ಅಟ್ಟ.

ನಾನು ಪ್ರತಿ ಭಾನುವಾರ ಮಧ್ಯಾಹ್ನ ಊರಿಗೆ, ನನ್ನ ಸೋದರಮಾವನಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಆಗ ಬೆಳಗಿನ ಆರು, ಆರೂವರೆ. ಮಾವ ಹಾಲು ಕರೆದು ಬಂದು ಕಾಫಿ ಕುಡಿಯುವ ಹೊತ್ತು. ಅಜ್ಜ ತೀರಿಕೊಂಡ ಮೇಲೆ ಅಟ್ಟಣೆ ಹತ್ತಿದ್ದು ಮಾವ. ಅಟ್ಟಣೆ ಹಾಕಿದ ಮೇಲಿನ ಮೂರನೆಯ ಭಾನುವಾರ, ಮಾತಿಗೆ ಮಾತು ಬಂದು, ನಮ್ಮ ಅಟ್ಟಣೆಯ ಕಥೆ ಹೇಳಿದೆ. ಮರ, ದಿಬ್ಬ, ಗಾಳಿಯ ನಕ್ಷೆ, ಎಲ್ಲ. ಹದಿನೈದು ದಿನ ಕಳೆದರೂ ಒಂದೂ ಬಂದಿಲ್ಲ ಎಂದೂ ಹೇಳಿದೆ.

ಆ ಕಡೆ ಲೋಟ ಕೆಳಗಿಟ್ಟ ಸದ್ದಾಯಿತು. ಮಾವ ನಕ್ಕರು. ಕೆಮ್ಮು ಬರುವವರೆಗೂ ನಕ್ಕರು.

"ಅಲ್ಲ ಕನ್ಲಾ, ಎಲ್ ಬಂದದ್ಲಾ? ನೀ ಹಾಕಿರೋದು ಕಾವಲಟ್ಟಣೆ. ಪ್ರಾಣಿ ಬರ್ಬಾರ್ದು ಅಂತ ಹಾಕದು ಅದು."

ಮಾವ ಕೆಮ್ಮು ನಿಲ್ಲಿಸಿ ಮುಂದುವರಿಸಿದರು.

"ಒಂಟಿ ಮರ ಯಾಕೆ? ನಾವು ಕುಂತಿರೋದು ಅವುಕ್ಕೆ ಕಾಣ್ಲಿ ಅಂತ. ಬೆನ್ಗೆ ಗಾಳಿ ಯಾಕೆ? ನಮ್ ಮೈ ವಾಸ್ನೆ, ಬೀಡಿ ವಾಸ್ನೆ ಕಾಡ್ಗಂಟ ಹೋಗ್ಲಿ ಅಂತ. ಮನ್ಸ ಅವ್ನೆ, ಈ ಕಡೆ ಬರ್ಬೇಡಿ ಅಂತ ಮೊದ್ಲೇ ಹೇಳ್ಕಳಿಸೋದು. ನಿಮ್ಮಜ್ಜ ಯಾವತ್ತಾದ್ರೂ ಒಂದ್ ಪ್ರಾಣಿ ಹೊಡ್ದಿದ್ ನೋಡಿದ್ಯಾ?"

ನೋಡಿರಲಿಲ್ಲ. ಅಜ್ಜನ ಹತ್ತಿರ ಬಂದೂಕೇ ಇರಲಿಲ್ಲ. ಒಂದು ಹಳೆಯ ಎಣ್ಣೆ ಡಬ್ಬ, ಒಂದು ಕೋಲು, ಮರಕ್ಕೆ ಕಟ್ಟಿದ ಒಂದು ಹರಿದ ಬಿಳಿ ಅಂಗಿ, ಇಷ್ಟೇ. ಇದೆಲ್ಲ ನನಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದೂ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎರಡು ವಾರ ಒಬ್ಬ ಕುಂಟುವ ಮನುಷ್ಯನನ್ನು ಮರ ಹತ್ತಿಸಿ, ಯಂತ್ರದ ಲೆಕ್ಕ ಹಾಕಿ, ಒಂದು ಜಿಂಕೆಯೂ ಹತ್ತಿರ ಸುಳಿಯದಂತೆ ನೋಡಿಕೊಂಡಿದ್ದೆ.

"ಹೊಡಿಯೋಕಾದ್ರೆ ಎಂಗ್ ಕೂರ್ಬೇಕು ಮಾವ?" ಎಂದು ಕೇಳಿದೆ. ಮಾವನ ಜೊತೆ ಮಾತಾಡುವಾಗ ನನ್ನ ನಾಲಿಗೆಯೂ ಆ ಊರಿನದಾಗುತ್ತದೆ.

ಮಾವ ಕಾಫಿ ಹೀರಿದ್ದು ಕೇಳಿಸಿತು. "ನಂಗೇನ್ಲಾ ಗೊತ್ತು? ನಾ ಹೊಡ್ದೋನಲ್ಲ. ಅಜ್ಜ ಯೋಳಿದ್ದೆಲ್ಲ ತಿರುಗ್ಸಾಕು, ಅಷ್ಟೇಯ" ಎಂದರು.

ಆವತ್ತೇ ನೆರೆಯವರ ಅಡುಗೆಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ಅಟ್ಟಣೆ ಬೆಳೆ ಕಾಯುವುದಕ್ಕೆ, ಬೇಟೆಗಲ್ಲ, ತಪ್ಪು ನನ್ನದು ಎಂದೆ.

"ಬೆನ್ನಿಗೆ ಗಾಳಿ ಎಂದಾಗಲೇ ಅನ್ನಿಸಿತ್ತು" ಎಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಗಟ್ಟಿಯಾಗಿ ಹೇಳಿದೆ. ಎತ್ತರದಲ್ಲಿ ಕೂತರೆ ವಾಸನೆ ಮೇಲಿಂದಲೇ ಹೋಗುತ್ತದೆ, ಅದಕ್ಕೆ ನಿಮ್ಮವರು ಹಾಗೆ ಮಾಡುತ್ತಾರೆ ಎಂದುಕೊಂಡೆ." ಆಮೇಲೆ, "ನಿನ್ನ ಅಜ್ಜ ಅರ್ಧ ಆಯುಸ್ಸು ಕೂತಿದ್ದರು ಎಂದೆಯಲ್ಲ" ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಏಪ್ರಿಲ್ ಮುಗಿಯಲು ಎಂಟು ದಿನ ಉಳಿದಿತ್ತು.

ಮರುದಿನ ಕೆಲಸಕ್ಕೆ ರಜೆ ಹಾಕಿ ಇಬ್ಬರೂ ಹೋದೆವು. ಟೋಟರದಿಂದ ಹಲಗೆ ಇಳಿಸಿದೆ. ಈ ಸಲ ನಾನು ಜಾಗ ನೋಡಿದ್ದು ಅಜ್ಜನ ಒಂದೊಂದು ಮಾತನ್ನೂ ಮಗುಚಿ ಹಾಕಿಕೊಂಡು. ಒಂಟಿ ಮರ ಬೇಡ, ಗುಂಪಿನೊಳಗಿನ ಮರ ಬೇಕು. ದಿಬ್ಬ ಬೇಡ, ಬೆನ್ನ ಹಿಂದೆ ಆಕಾಶ ಕಾಣಬಾರದು, ಕಪ್ಪಗೆ ಕೊಂಬೆಗಳಿರಬೇಕು. ಗಾಳಿ ಹುಲ್ಲಿನ ಕಡೆಯಿಂದ ನಮ್ಮ ಮುಖಕ್ಕೆ ಬರಬೇಕು, ನಮ್ಮನ್ನು ದಾಟಿದ ಮೇಲೆ ಜಿಂಕೆ ಓಡಾಡದ ಕಡೆಗೆ ಹೋಗಬೇಕು. ಪೈನ್ ತೋಪಿನ ಅಂಚಿನಲ್ಲೇ, ಜಗ್ಗಿದ ಬೇಲಿಗೆ ನಲವತ್ತು ಹೆಜ್ಜೆ ದಕ್ಷಿಣಕ್ಕೆ, ಅಂಥ ಮರ ಸಿಕ್ಕಿತು. ಅದರ ಹಿಂದೆ ಕಡಿದಾದ ಹಳ್ಳ, ಅಲ್ಲಿಂದ ಯಾವ ಪ್ರಾಣಿಯೂ ಹತ್ತಿ ಬರಲಾರದು. ನಮ್ಮ ವಾಸನೆಯೆಲ್ಲ ಆ ಹಳ್ಳಕ್ಕೆ ಬೀಳುತ್ತಿತ್ತು. ಮರಕ್ಕೆ ಹೋಗುವ ದಾರಿಯನ್ನೂ ಜಿಂಕೆಯ ದಾರಿ ತುಳಿಯದಂತೆ ಸುತ್ತಿ ಬಳಸಿ ಮಾಡಿದೆ.

ನೆರೆಯವರು ಹತ್ತಿ ಕೂತು ಮುಖವನ್ನು ಗಾಳಿಗೊಡ್ಡಿದರು. ಈ ಸಲ "ರೈಟ್" ಕೂಡ ಇಲ್ಲ, ಸುಮ್ಮನೆ ತಲೆಯಾಡಿಸಿದರು. ನಾಲ್ಕು ದಿನ ಆ ಮರವನ್ನು ಯಾರೂ ಮುಟ್ಟದೆ ಬಿಡೋಣ, ನಮ್ಮ ಓಡಾಟದ ವಾಸನೆ ಆರಲಿ ಎಂದದ್ದು ಅವರೇ.

ಶನಿವಾರ ಸಂಜೆ ಹಲಗೆಯ ಮೇಲೆ ಇಬ್ಬರೂ ಇದ್ದೆವು. ಬೇಲಿಯ ಕೆಳಗೆ ಹೊಸ ಗುರುತು ಬಿದ್ದಿದ್ದನ್ನು ದೂರದಿಂದಲೇ ದುರ್ಬೀನಿನಲ್ಲಿ ನೋಡಿದ್ದೆವು. ಬೆಳಕು ಇನ್ನೂ ಚೆನ್ನಾಗಿತ್ತು. ತಂತಿ ಕಿರುಗುಟ್ಟಿದ ಸದ್ದಾಯಿತು, ನಂತರ ಒಂದು ಹೆಣ್ಣು ಜಿಂಕೆ ಹುಲ್ಲಿನ ಮೇಲೆ ನಿಂತಿತ್ತು. ಮರಿ ಜೊತೆಗಿಲ್ಲ. ಮರಿ ಇದೆಯೇ ಎಂಬುದನ್ನೇ ನೆರೆಯವರು ಮೊದಲು ನೋಡಿದರು. ಬಹಳ ಹೊತ್ತು ಅದರ ಹಿಂದೆ ಬೇರೇನಾದರೂ ಬರುತ್ತದೆಯೇ ಎಂದು ಕಾದರು.

ಜಿಂಕೆ ತಲೆಯೆತ್ತಿತು. ಮೂಗನ್ನು ಎದುರಿನ ಗಾಳಿಗೆ ಹಿಡಿದು ಒಂದು ಸಲ ಆ ದಿಬ್ಬದ ಕಡೆ ಮೂಸಿತು. ನಾವು ಎರಡು ವಾರ ಕೂತಿದ್ದ ಟೋಟರದ ಕಡೆಗೇ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಾಯಿತು. ನಮ್ಮ ಕಡೆಯಿಂದ ಅದಕ್ಕೆ ಯಾವ ಸುದ್ದಿಯೂ ಹೋಗುತ್ತಿರಲಿಲ್ಲ, ಹೋಗದಂತೆ ನಾನು ಮಾಡಿದ್ದೆ. ಅದು ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು.

ಒಂದೇ ಗುಂಡು. ಅದು ನಿಂತಲ್ಲೇ ಕುಸಿಯಿತು.

ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ನೆರೆಯವರು ರೈಫಲ್ಲಿನ ಗುಂಡು ತೆಗೆದು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. ಇಳಿದು ಅದರ ಹತ್ತಿರ ಹೋದೆವು. ಅವರಿಗೆ ಮಂಡಿಯೂರಲು ಆಗದು. ಅವರು ಊರುಗೋಲು ಹಿಡಿದು ನಿಂತು ಹೇಳಿದಂತೆ ನಾನೇ ಕತ್ತಿ ಹಿಡಿದೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ, ಆದರೆ ಅದು ಪೊಟ್ಟಣದಲ್ಲಿ ಬರುವಂಥದ್ದು. ಇದು ಬಿಸಿಯಾಗಿತ್ತು. ಬಾಯಲ್ಲಿ ಕಿತ್ತ ಹುಲ್ಲು ಹಾಗೇ ಇತ್ತು.

ಭಾನುವಾರ ಮಾವನಿಗೆ ಫೋನ್ ಮಾಡಿದೆ.

"ಏನಾಯ್ತ್ಲಾ ನಿನ್ ಅಟ್ಟಣೆ?"

"ಬಿತ್ತು ಮಾವ. ಒಂದು ಹೆಣ್ಣು."

"ಜಾಗ ಯಾರ್ ನೋಡಿದ್ದು?"

"ಅವ್ರೇ ನೋಡ್ಕಂಡ್ರು" ಎಂದೆ. ಯಾಕೆ ಹಾಗೆಂದೆನೋ ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ. ಮಾವ "ಹೂಂ" ಎಂದು ಹಸುವಿನ ವಿಷಯಕ್ಕೆ ಹೋದರು.

ಅರ್ಜಿ ಫ್ರಿಜ್ಜಿನಿಂದ ಇಳಿಯಿತು. ಅದರಲ್ಲಿ, ಸಂಬಂಧಿಕರಲ್ಲದ, ಅರ್ಜಿದಾರರನ್ನು ಚೆನ್ನಾಗಿ ಬಲ್ಲ ಒಬ್ಬರ ಹೆಸರು ಕೊಡಬೇಕಿತ್ತು. ನೆರೆಯವರು ಕೇಳದೆ ನನ್ನ ಹೆಸರು ಬರೆದು, ಬರೆದ ಮೇಲೆ ಕೇಳಿದರು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅದನ್ನು ವಿಚಾರಿಸಲು ಪೊಲೀಸರ ಕಡೆಯಿಂದ ಒಬ್ಬ ಮಹಿಳೆ ನಮ್ಮ ಮನೆಗೆ ಬಂದರು. ಹೆಂಡತಿ ಚಹಾ ಕೊಟ್ಟಳು. ಎಷ್ಟು ವರ್ಷದ ಪರಿಚಯ, ಕುಡಿಯುತ್ತಾರೆಯೇ, ಸಿಟ್ಟು ಹೇಗೆ, ಬಂದೂಕನ್ನು ಎಲ್ಲಿ ಬೀಗ ಹಾಕಿಡುತ್ತಾರೆ ಎಂದೆಲ್ಲ ಕೇಳಿ ಬರೆದುಕೊಂಡರು. ಬಂದೂಕು ಹಿಡಿದಾಗ ಅವರನ್ನು ನೋಡಿದ್ದೀರಾ ಎಂದರು. ನೋಡಿದ್ದೇನೆ, ಜಿಂಕೆಯ ಹಿಂದೆ ಏನಿದೆ ಎಂದು ಖಾತ್ರಿಯಾಗುವವರೆಗೆ ಟ್ರಿಗರ್ ಮೇಲೆ ಬೆರಳು ಇಡಲಿಲ್ಲ ಎಂದೆ.

"ನೀವೇ ಜಾಗ ಹುಡುಕಿಕೊಟ್ಟಿರಂತೆ. ಅವರು ಹೇಳುತ್ತಿದ್ದರು" ಎಂದರು, ಪುಸ್ತಕ ಮುಚ್ಚುತ್ತ. ಅದು ಪ್ರಶ್ನೆಯೇನಲ್ಲ, ಎದ್ದು ಹೊರಡುವ ಮುಂಚಿನ ಮಾತು.

"ಹೌದು, ಜಾಗ ನಾನೇ ಆರಿಸಿದ್ದು" ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆನೇನೋ, ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

ಆಕೆಯ ಕಾರು ಗೇಟು ದಾಟಿದ ಮೇಲೆ, ಭಾನುವಾರವಲ್ಲದಿದ್ದರೂ, ಮಾವನಿಗೆ ಫೋನ್ ಹಚ್ಚಿದೆ. ಅವರು ಹೊಲದಲ್ಲಿದ್ದರು, ಏದುಸಿರು ಕೇಳಿಸುತ್ತಿತ್ತು.

"ಮಾವ, ಅವತ್ತು ಸುಳ್ಳು ಹೇಳ್ದೆ. ಜಾಗ ನಾನೇ ನೋಡಿದ್ದು. ಅಜ್ಜ ಹೇಳಿದ್ದೆಲ್ಲ ತಿರುಗಿಸಿ ನೋಡಿದೆ."

"ಗೊತ್ತು ಬುಡ್ಲಾ" ಎಂದರು ಮಾವ. "ತಿರುಗ್ಸು ಅಂತ ಯೋಳಿದ್ದು ನಾನಲ್ವಾ? ಅಪ್ಪ ನಲವತ್ತು ವರ್ಷ ಕೂಗಿ ಕೂಗಿ ಓಡಿಸ್ದ, ಒಂದ್ನೂ ಸಾಯ್ಸಲಿಲ್ಲ. ನಾ ಕಾಫಿ ಕುಡೀತಾ ಒಂದ್ ಮಾತಲ್ಲಿ ಯೋಳ್ಕೊಟ್ಬುಟ್ಟೆ. ಆ ಸಾವಲ್ಲಿ ಅರ್ಧ ನಂದೇ."

ಆ ಮೇಲೂ ಇಬ್ಬರೂ ಫೋನ್ ಇಡಲಿಲ್ಲ. ಮಾವ ನಿಂತ ಕಡೆ ಗಾಳಿ ಜೋರಾಗಿತ್ತು, ಫೋನಿನಲ್ಲಿ ಅದೇ ಕೇಳಿಸುತ್ತಿತ್ತು.